ನಾನು ಕೇಳಿದ್ದು ದೀಪವಲ್ಲ

ಭಾನುವಾರ, ಮಧ್ಯಾಹ್ನ

ನನ್ನ ಇವರಿಗೆ,

ನೀವು ಕಳಿಸಿದ ನಾಲ್ಕು ದೀಪಗಳೂ ಒಡೆಯದೆ ಬಂದು ಸೇರಿದವು. ರಜೆಗೆ ಬಂದ ನಿಮ್ಮ ಹಡಗಿನ ಅಡುಗೆಯವರು ಹೊತ್ತು ತಂದು, ಉಸ್ಸಪ್ಪಾ ಅಂತ ಹೊಸ್ತಿಲ ಹತ್ತಿರವೇ ಕೂತುಬಿಟ್ಟರು. ಗಾಜಿನ ಬುರುಡೆಗಳು ಚೆಂದ ಇವೆ. ಆದರೆ ನಾನು ದೀಪ ಕೇಳಿಯೇ ಇರಲಿಲ್ಲ.

ನಗಬೇಡಿ. ನಾನು ಬರೆಯಲು ಹೊರಟದ್ದು ದ್ವೀಪ. ಮದುವೆಯಾದ ವಾರಕ್ಕೇ ಹಡಗು ಹತ್ತಿದಿರಿ, ಎಲ್ಲಿಗೂ ಹೋಗಲಿಲ್ಲ, ಬಂದಾಗ ನಾಲ್ಕು ದ್ವೀಪ ತೋರಿಸಿ, ಬೇರೇನೂ ಬೇಡ ಎಂದು. ವಕಾರದ ಒತ್ತು ಬಿಟ್ಟುಹೋಯಿತು. ನಿಮ್ಮ ತಂಗಿಗೆ ಹಬ್ಬವೋ ಹಬ್ಬ. "ಅತ್ತಿಗೆಯ ಹನಿಮೂನಿಗೆ ಬಲ್ಬು ಬಂತು!" ಎಂದು ಮನೆಯೆಲ್ಲ ಹಾಡಿಕೊಂಡು ತಿರುಗುತ್ತಿದ್ದಾಳೆ. ಒತ್ತಕ್ಷರ ಕಲಿಸುವಾಗ ನಾನು ಕಿಟಕಿಯಾಚೆ ನೋಡುತ್ತಿದ್ದೆ. ಆಮೇಲೆ ಶಾಲೆಯನ್ನೇ ಬಿಟ್ಟೆ. ಯಾರೂ ಬಿಡಿಸಲಿಲ್ಲ, ಕೂತಲ್ಲಿ ಕೂರಲು ಆಗಲಿಲ್ಲ, ಅಷ್ಟೆ.

ಅಲ್ಲಿಗೇ ಮುಗಿದಿದ್ದರೆ ನಾನೂ ನಗುತ್ತಿದ್ದೆ. ಆದರೆ ದೀಪದ ಜೊತೆಗಿದ್ದ ಕಾಗದದಲ್ಲಿ, "ನಿನಗೆ ಇಷ್ಟೇ ಸಾಕೆಂದೆಯಲ್ಲ, ಈ ಸಲದ ರಜೆ ಬಿಟ್ಟು ಹಡಗಿನಲ್ಲೇ ಇನ್ನೊಂದು ವರ್ಷಕ್ಕೆ ಸಹಿ ಹಾಕಲೇ?" ಎಂದು ಕೇಳಿದ್ದೀರಿ. ಹಾಕಬೇಡಿ. ಈ ಕಾಗದದಲ್ಲಿ ಬೇರೆ ಯಾವ ಅಕ್ಷರ ತಪ್ಪಿದ್ದರೂ ಇದೊಂದು ಸರಿಯಾಗಿದೆ: ಹಾಕಬೇಡಿ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ಫೋನ್ ಬಂತೆಂದರೆ ಅತ್ತೆ ಈ ಪಕ್ಕ, ನಾದಿನಿ ಆ ಪಕ್ಕ. ಹೇಗಿದ್ದೀಯ ಎಂದು ನೀವು ಕೇಳುತ್ತೀರಿ, ಚೆನ್ನಾಗಿದ್ದೀನಿ ಅನ್ನುತ್ತೇನೆ. ನಾನು ಹೇಳುವ ಸುಳ್ಳು ಅದೊಂದೇ.

ನಾನು ಕೆಲಸಕ್ಕೆ ಹೋಗುವ ಪ್ರೆಸ್ಸಿನಲ್ಲಿ ಈಗ ಪ್ರವಾಸದ ಕಂಪನಿಯವರ ಕೆಲಸ ನಡೆಯುತ್ತಿದೆ. ದ್ವೀಪಗಳ ಚಿತ್ರವಿರುವ ಹೊಳೆಯುವ ಹಾಳೆಯನ್ನು ಮಡಿಸಿ, ಮರದ ಪಟ್ಟಿಯಿಂದ ತೀಡಿ ಕಟ್ಟು ಕಟ್ಟುವುದು ನನ್ನ ಪಾಲು. ಒಂದು ದ್ವೀಪದಲ್ಲಿ ಬರೀ ತೆಂಗಿನ ಮರ. ಇನ್ನೊಂದರಲ್ಲಿ ನೀರು ಎಷ್ಟು ತಿಳಿ ಎಂದರೆ ದೋಣಿಯ ನೆರಳು ತಳದ ಮರಳಿನ ಮೇಲೆ ಬಿದ್ದಿದೆ. ಮಧ್ಯದ ಚಿತ್ರದಲ್ಲಿ ಗಂಡ ಹೆಂಡತಿ ದಡದಲ್ಲಿ ನಡೆಯುತ್ತಿದ್ದಾರೆ. ಮಡಿಕೆ ಸರಿಯಾಗಿ ಅವರಿಬ್ಬರ ನಡುವೆ ಬೀಳುತ್ತದೆ. ದಿನವಿಡೀ ಅವರನ್ನು ಬೇರೆ ಮಾಡುವುದೇ ನನ್ನ ಕೆಲಸ. ಮೊನ್ನೆ ತಡೆಯಲಾರದೆ ಒಂದು ಕಟ್ಟನ್ನು ಓರೆಯಾಗಿ ಮಡಿಸಿಬಿಟ್ಟೆ. "ಕಣ್ಣು ಎಲ್ಲಿಟ್ಟಿದ್ದೀಯಮ್ಮಾ?" ಎಂದು ಯಜಮಾನರು ಬೈದರು. ಬೇಕಂತಲೇ ಮಾಡಿದ್ದು ಎಂದೆ.

ಆ ದಡದಲ್ಲಿ ನಮ್ಮನ್ನು ನಡೆಸಿ ನೋಡಿದೆ. ನೀವು ನನ್ನ ಎಡಗಡೆ ನಡೆಯುತ್ತೀರೋ ಬಲಗಡೆಯೋ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಆಮೇಲೆ ಹೊಳೆಯಿತು, ನಾವಿಬ್ಬರೇ ಎಲ್ಲಿಯೂ ನಡೆದೇ ಇಲ್ಲ.

ಮೊದಲು ತೆಂಗಿನ ದ್ವೀಪಕ್ಕೆ ಹೋಗೋಣ. ಏನೂ ನೋಡುವುದು ಬೇಡ, ಸುಮ್ಮನೆ ಮಲಗೋಣ. ಅಲ್ಲಿಂದ ಸಣ್ಣ ದೋಣಿಯಲ್ಲಿ ತಿಳಿನೀರಿನ ದ್ವೀಪಕ್ಕೆ. ಮೂರನೆಯದು ಹಕ್ಕಿಗಳ ದ್ವೀಪ, ಅದು ನನಗಾಗಿ. ನಾಲ್ಕನೆಯದನ್ನು ನೀವು ಆರಿಸಿ. ನೀವು ಕೆಳಗೆ ಇಂಜಿನ್ನಿಗೆ ಎಣ್ಣೆ ಹಾಕುವಾಗ ಎಷ್ಟೋ ದ್ವೀಪ ದಾಟಿಹೋಗಿವೆ, ಒಂದಕ್ಕೂ ಇಳಿದಿಲ್ಲ ಎಂದು ಬರೆದಿದ್ದಿರಿ. ಅದರಲ್ಲೊಂದಕ್ಕೆ ಇಳಿಯೋಣ.

ನಿಜ ಹೇಳಲೇ? ಒಂದೇ ಆದರೂ ಸಾಕು. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಕೋಣೆ, ಬಾಗಿಲಾಚೆ ಯಾರೂ ಕೆಮ್ಮಬಾರದು. ನಿಮ್ಮ ಹತ್ತಿರ ಮಾತಾಡುವುದು ತುಂಬಾ ಇದೆ. ಮಾತಾಡದೆ ಇರುವುದೂ ಇದೆ.

ನಿಮ್ಮ ದಾರಿ ಕಾಯುತ್ತಿರುವ,
ಬಾಯಿಬಡುಕಿ

ತಾ.ಕ.: ಮತ್ತೆ ಅಕ್ಷರ ತಪ್ಪಿ ಇನ್ನೊಂದು ವರ್ಷ ಹೋದೀತೆಂಬ ಭಯಕ್ಕೆ, ನಾಚಿಕೆ ಬಿಟ್ಟು ಕಾಗದವನ್ನು ಅತ್ತೆಯ ಕೈಗೇ ಕೊಟ್ಟೆ. ಚಿಲಕದ ಮಾತನ್ನೂ ಓದಿದರು. "ಒಂದೂ ತಪ್ಪಿಲ್ಲ ಕಣೇ" ಎಂದರು. ಆಮೇಲೆ, "ನಿನ್ನ ಮಾವನೂ ಬರೋ ವರ್ಷ ಹೋಗೋಣ, ಬರೋ ವರ್ಷ ಹೋಗೋಣ ಅಂತಲೇ ಇದ್ರು. ನನ್ನ ಮಗ ಬರದಿದ್ರೆ ನಾವಿಬ್ಬರೇ ಹೋಗೋಣ. ದೋಣೀಲಿ ನಿನ್ನ ಪಕ್ಕ ನಾನೇ ಕೂರ್ತೀನಿ" ಎಂದರು. "ಎದುರಿಗೆ ಕೂತ್ಕೊಳ್ಳಿ ಅತ್ತೆ, ಪಕ್ಕದ್ದು ಅವರ ಜಾಗ" ಎಂದುಬಿಟ್ಟೆ. ಬೈಯುತ್ತಾರೆ ಅಂದುಕೊಂಡೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಕೂತರು.