ಅಂಬಿಕಾಳ ಬಿಪಿ

ದೊಡವಾಡ
ಶುಕ್ರವಾರ, ೧೪-೧೧-೨೦೨೫

ನನ್ನ ಮುದ್ದಿನ ಅಂಬರೀನಾ,

ಹೇಗಿದ್ದಿ ಬೇಟಾ? ಕಾಲಿನ ಬಾವು ಇಳಿಯಿತೇ? ಏಳು ತಿಂಗಳ ಕೂಸು ಹೊಟ್ಟೆಯಲ್ಲಿ ಒದೆಯುತ್ತದೋ, ಅದೂ ನಿನ್ನ ಹಾಗೆ ಸದ್ದಿಲ್ಲದೆ ಇರುವುದನ್ನು ಕಲಿತಿದೆಯೋ? ಇಲ್ಲಿ ಎಮ್ಮೆ ಈದಿದೆ. ಗಿಣ್ಣು ಮಾಡಿ ಸರ್ಫರಾಜನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಗಂಡ ದಾರಿಯಲ್ಲಿ ತಿನ್ನದಿದ್ದರೆ ನಿನಗೆ ಮುಟ್ಟೀತು.

ಫೋನಿದ್ದೂ ಮುದುಕಿ ಪತ್ರ ಬರೆಯುತ್ತಾಳಲ್ಲ ಎನ್ನಬೇಡ. ಫೋನಿನಲ್ಲಿ ನೀನು ನನ್ನನ್ನು ‘ಅಜ್ಜಿ’ ಎನ್ನುತ್ತಿ. ನನ್ನ ಮೊಮ್ಮಗನ ಹೆಂಡತಿಯಾಗಿ ಬಂದ ದಿನದಿಂದ ಅವನ ಹಾಗೆ ನಿನಗೂ ‘ದಾದಿ’ಯಾಗಿದ್ದವಳು, ನೀವು ಬೆಳಗಾವಿಯಲ್ಲಿ ಬಾಡಿಗೆ ಮನೆ ಹಿಡಿದ ಮೇಲೆ ಅಜ್ಜಿಯಾದೆ. ಮನೆಯೊಡತಿ ರಾಚವ್ವ ಪಕ್ಕದಲ್ಲೇ ಇರುತ್ತಾಳೆಂದು ಗೊತ್ತು. ಮನೆ ಹುಡುಕುತ್ತ ಹೋದಲ್ಲೆಲ್ಲ ಹೆಸರು ಕೇಳಿ, ‘ಮನಿ ಆಗ್ಲೇ ಕೊಟ್ಟೇವ್ರಿ’ ಎಂದು ಬಾಗಿಲು ಹಾಕಿದ್ದರು. ರಾಚವ್ವ ಅಡ್ಡಹೆಸರು ಕೇಳಿದಳು, ಹೊಸಮನಿ ಎಂದಿ. ಅಂಬರೀನ ಎಂದದ್ದು ಅವಳ ಕಿವಿಗೆ ಅಂಬಿಕಾ ಎಂದು ಬಿತ್ತು. ‘ಹಂಗಾರ ನಮ್ಮವ್ರ ಆದ್ರಿ ಬಿಡವಾ’ ಎಂದು ಕೀಲಿ ಕೊಟ್ಟಳು, ನೀನು ತಿದ್ದಲಿಲ್ಲ. ನಮ್ಮ ಅಡ್ಡಹೆಸರಿನಲ್ಲೇ ಮನೆ ಇದೆ ನೋಡು, ಆದರೂ ಒಂದು ಮನೆಗಾಗಿ ಹೆಸರು ಬಿಡಬೇಕಾಯಿತು. ತಪ್ಪು ನಿನ್ನದೆನ್ನುವುದಿಲ್ಲ.

ಆದರೆ ಅಂದಿನಿಂದ ಸರ್ಫರಾಜ ರಾಜು ಆದ. ಈದ್ ಹಬ್ಬದ ದಿನ ಸುರಕುಂಬಾ ಪಾಯಸದ ವಾಸನೆ ಹೊರಗೆ ಹೋಗದಂತೆ ಕಿಟಕಿ ಮುಚ್ಚಿದಿರಿ. ರಾಚವ್ವನ ಚಪ್ಪಲಿ ಸದ್ದಾದರೆ ನಿನಗೆ ಬೆವರು. ಉಪ್ಪು ಬಿಟ್ಟಿ, ಉಪ್ಪಿನಕಾಯಿ ಬಿಟ್ಟಿ, ಬಿಪಿ ನಿನ್ನನ್ನು ಬಿಡಲಿಲ್ಲ. ದಸರೆ ರಜೆಗೆ ಇಲ್ಲಿ ಬಂದಾಗ ನೋಡಿಸಿದರೆ ಸರಿಯಾಗಿಯೇ ಇತ್ತಲ್ಲ. ನಿನ್ನೆ ಬೈಲಹೊಂಗಲಕ್ಕೆ ಹೋಗಿ ಡಾಕ್ಟರಮ್ಮನನ್ನು ಕೇಳಿದೆ. ‘ಅಂಜಿಕಿ ಒಳಗ ಕುಂತ್ರ ಮೈ ಸುಮ್ನ ಕೂಡೂದಿಲ್ರಿ ಅಮ್ಮಾರ, ಬಿಪಿ ಏರತೈತಿ, ಕೂಸಿಗೂ ತಾಗತೈತಿ’ ಎಂದಳು. ಗುಳಿಗೆ ತಪ್ಪಿಸಬೇಡ. ಆದರೆ ಅಂಜಿಕೆಗೆ ಯಾವ ಅಂಗಡಿಯಲ್ಲೂ ಗುಳಿಗೆ ಇಲ್ಲವಂತೆ.

ಅಲ್ಲಾಹ ನಿಮ್ಮಿಬ್ಬರನ್ನೂ ಬರುವ ಕೂಸನ್ನೂ ಕಾಯಲಿ. ರಾಚವ್ವನಿಗೂ ನನ್ನ ನಮಸ್ಕಾರ. ಕೂಸಿಗೆಂದು ಕುಂಚಿಗೆ ಹೊಲಿಯುತ್ತಿದ್ದಾಳಂತೆ, ಕೆಟ್ಟವಳಿರಲಿಕ್ಕಿಲ್ಲ.

ನಿನ್ನ ದಾದಿ (ಅಜ್ಜಿ ಅಲ್ಲ),
ಶರೀಫಾಬಿ ಹೊಸಮನಿ

ತಾ.ಕ.: ಸರ್ಫರಾಜ ಚಪ್ಪಲಿ ಮೆಟ್ಟಿ ನಿಂತಿದ್ದಾನೆ. ಮಂಗಳವಾರದ ಬಸ್ಸಿಗೆ ನಾನು ಬರುತ್ತೇನೆ. ಅಷ್ಟರೊಳಗೆ ರಾಚವ್ವನಿಗೆ ನಿನ್ನ ನಿಜ ಹೆಸರು ನೀನೇ ಹೇಳಿದರೆ ಚಲೋ. ಆಗದಿದ್ದರೆ ಬಟ್ಟೆ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಬಾ, ಕರೆದುಕೊಂಡು ತಿರುಗುತ್ತೇನೆ. ಹಿತ್ತಲ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಅಲ್ಲಿ ಹಡೆ, ಇಲ್ಲಿ ಹಡೆ, ನಿನ್ನಿಷ್ಟ. ಹುಟ್ಟಿದ ಕೂಡಲೇ ಕೂಸಿನ ಕಿವಿಯಲ್ಲಿ ಬಾಂಗ್ ಹೇಳುವ ಹೊತ್ತಿಗೆ ಮಾತ್ರ ಕಿಟಕಿ ಮುಚ್ಚಿರಬಾರದು.