ನಲವತ್ತೊಂದನೆಯ ಪುಟ ಖಾಲಿ ಇದೆ

ಹುಬ್ಬಳ್ಳಿ
ಫೆಬ್ರುವರಿ 30, 2168

ಪೂಜ್ಯ ನೀಲಗಂಗಾ ಅಜ್ಜಿಯವರಿಗೆ,

ತಾರೀಖು ತಪ್ಪಿಲ್ಲ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿ, ಪಾಪದ ಫೆಬ್ರುವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಅಜ್ಜಿ ಎಂದದ್ದಕ್ಕೂ ಕ್ಷಮಿಸಿ. ನಾನು ನಿಮ್ಮ ಮರಿಮಗಳ ಮೊಮ್ಮಗಳು, ಹೆಸರು ಮಲಪ್ರಭಾ. ನಮ್ಮಲ್ಲಿ ಹಿಂದಿನ ಕಾಲಕ್ಕೂ ಅಂಚೆ ಇದೆ; ಈ ಪತ್ರ ನಿಮ್ಮ ಕೈಗೆ ಸಿಗುವ ಹೊತ್ತಿಗೆ ನಿಮಗೆ ನಲವತ್ತನಾಲ್ಕು, ನನಗೆ ನಲವತ್ತಮೂರು. ಎದುರೆದುರು ಸಿಕ್ಕಿದ್ದರೆ ಅಕ್ಕಾ ಎಂದು ಕರೆದು, ಒಂದು ಚಹಾ ಹೆಚ್ಚಿಗೆ ಕೇಳುತ್ತಿದ್ದೆ.

ನಿಮ್ಮ ಗ್ರಾಫ್ ನೋಟ್‌ಬುಕ್ ನಮ್ಮ ಮನೆಯಲ್ಲಿದೆ. ರಟ್ಟು ಹೋಗಿದೆ, ಹೊಲಿಗೆ ಇನ್ನೂ ಗಟ್ಟಿಯಾಗಿದೆ. ಆಸ್ಪತ್ರೆಯಲ್ಲಿ ದಿನವಿಡೀ ಇಸಿಜಿ ತೆಗೆದು, ನಾಲ್ಕಕ್ಕೆ ಮನೆಗೆ ಬಂದು, ಚಹಾ ಪಕ್ಕಕ್ಕಿಟ್ಟುಕೊಂಡು ಬರೆದ ನೋಟ್‌ಬುಕ್ ಅದು. ಹನ್ನೊಂದು ಕಂಪನಿಗಳ ಹೆಸರು. ಅವುಗಳ ಷೇರಿನ ದರವನ್ನಷ್ಟೇ ಮೊಬೈಲಿನಲ್ಲಿ ನೋಡಿ, ಗೆರೆಯನ್ನು ಕೈಯಿಂದಲೇ ಎಳೆದಿದ್ದೀರಿ. ಇಪ್ಪತ್ತು ದಿನದ ಸರಾಸರಿಗೆ ನೀಲಿ, ಐವತ್ತು ದಿನದ ಸರಾಸರಿಗೆ ಕೆಂಪು. ಎಷ್ಟು ಷೇರು ಕೈ ಬದಲಾದವು ಎಂಬುದಕ್ಕೆ ಕೆಳಗೆ ಸಣ್ಣ ಸಣ್ಣ ಪೆನ್ಸಿಲ್ ಕಂಬಗಳು. ಕೊಳ್ಳುವವರ ಭರಾಟೆಯನ್ನು ನೂರರೊಳಗೆ ಅಳೆಯುವ ಆರ್‌ಎಸ್‌ಐ ಅಂಕಿಗೆ ನೀವು ಇಟ್ಟ ಹೆಸರು ‘ಜ್ವರ’. ಎಪ್ಪತ್ತು ದಾಟಿದರೆ ‘ಮೈ ಸುಡಾಕ್ಹತ್ತೇತಿ, ಮುಟ್ಟಬ್ಯಾಡ’ ಎಂದು ಪಕ್ಕದಲ್ಲೇ ಬರೆದಿದ್ದೀರಿ. ಮೂವತ್ತು ದಿನ ನೋಡದೆ ಯಾವುದನ್ನೂ ಕೊಳ್ಳಬಾರದು ಎಂಬುದು ನಿಮ್ಮ ನೇಮ. ಅಂಚಿನಲ್ಲಿ ನಿಮ್ಮ ಯಜಮಾನರ ತಮಾಷೆಯನ್ನೂ ಬಿಡದೆ ಬರೆದಿಟ್ಟಿದ್ದೀರಿ: ‘ಏನ ನೀಲಾ, ಷೇರಿಗೂ ಇಸಿಜಿ ತಗ್ಯಾಕ್ಹತ್ತಿಯೇನ?’ ಅದಕ್ಕೆ ನಿಮ್ಮ ಉತ್ತರ: ‘ಮತ್ತೇನ್ರೀ, ಯಾವುದಕ್ಕ ಜೀವ ಐತಿ, ಯಾವುದಕ್ಕಿಲ್ಲ ನೋಡಬ್ಯಾಡೇನ್ರಿ?’ ಆ ಸಾಲು ಓದಿದಾಗಲೆಲ್ಲ ನಗು ಬರುತ್ತದೆ. ಆದರೆ ಇಲ್ಲಿ ಯಾರ ಮನೆಯಲ್ಲೂ ಗಂಡ ಹೆಂಡತಿ ಹೀಗೆ ಒಂದು ಗೆರೆ ನೋಡಿಕೊಂಡು ಮಾತಾಡುವುದಿಲ್ಲ.

ಯಾಕೆಂದರೆ ನಮಗೆ ಆಯ್ಕೆಗಾರ ಇದ್ದಾನೆ. ಮನುಷ್ಯನಲ್ಲ, ಗೋಡೆಯೊಳಗಿನ ಯಂತ್ರ. ಬೆಳಿಗ್ಗೆ ರೊಟ್ಟಿಯೋ ಉಪ್ಪಿಟ್ಟೋ, ಮಗು ಏನು ಓದಬೇಕು, ಉಳಿತಾಯ ಯಾವ ಕಂಪನಿಗೆ ಹೋಗಬೇಕು, ಎಲ್ಲವನ್ನೂ ಅವನೇ ಆರಿಸುತ್ತಾನೆ. ತಪ್ಪುವುದು ಅಪರೂಪ. ಆದ್ದರಿಂದಲೇ ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ. ನನ್ನ ಇಡೀ ಬದುಕನ್ನು ಅವನೇ ಆರಿಸಿದ. ಚೆನ್ನಾಗಿಯೇ ಇದೆ, ಆದರೆ ನನ್ನದು ಅನ್ನಿಸುವುದಿಲ್ಲ.

ತಪ್ಪಿಸಿಕೊಳ್ಳಲು ಒಂದೇ ದಾರಿ ಇದೆ. ಅದಕ್ಕೆ ನೋಟದ ಹಕ್ಕು ಎನ್ನುತ್ತಾರೆ. ಹದಿನೇಳು ತುಂಬಿದವರು ತಾವೇ ಆರಿಸಿದ ಕಂಪನಿಗಳ ಒಂದು ಪಟ್ಟಿ ಮಾಡಿ, ಯಂತ್ರದ ನೆರವಿಲ್ಲದೆ ನೂರು ದಿನ ಗಮನಿಸಿ, ಕೈಯಿಂದ ಗೆರೆ ಎಳೆದು, ಯಾವುದನ್ನು ಉಳಿಸಿದೆ, ಯಾವುದನ್ನು ಬಿಟ್ಟೆ, ಯಾಕೆ ಎಂದು ಮೂವರು ಹಿರಿಯರ ಮುಂದೆ ಹೇಳಬೇಕು. ಗೆದ್ದರೆ ಬದುಕಿನ ಆಯ್ಕೆಗಳೆಲ್ಲ ಅವರದೇ. ಸೋತರೆ ಮತ್ತೆ ಅವಕಾಶವಿಲ್ಲ. ನಾನು ನನ್ನ ಕಾಲದಲ್ಲಿ ಹೆದರಿ ಈ ಪರೀಕ್ಷೆಗೆ ಕೂರಲೇ ಇಲ್ಲ. ನನ್ನ ಮಗಳು ಬೆಳವಲಾ ಕೂತಿದ್ದಾಳೆ. ಇವತ್ತಿಗೆ ತೊಂಬತ್ತನಾಲ್ಕು ದಿನ.

ಅವಳಿಗೆ ಗುರು ಎಂದರೆ ನಿಮ್ಮ ನೋಟ್‌ಬುಕ್ ಒಂದೇ. ನೀಲಿ ಗೆರೆ ಕೆಂಪನ್ನು ಕೆಳಗಿನಿಂದ ದಾಟಿದರೆ ನಿಮ್ಮ ಹಾಗೆಯೇ ಒಂದು ಚುಕ್ಕೆ ಇಡುತ್ತಾಳೆ, ಜ್ವರ ನೋಡುತ್ತಾಳೆ, ಕಂಬ ಎಣಿಸುತ್ತಾಳೆ. ಮೊನ್ನೆಯಂತೂ ಚಹಾ ಬೇಕೇ ಬೇಕೆಂದು ಹಟ ಹಿಡಿದಳು. ಆಯ್ಕೆಗಾರ ಅವಳಿಗೆ ಚಹಾ ಬರೆದಿರಲಿಲ್ಲ. ನಾನೇ ಕದ್ದು ಕಾಸಿಕೊಟ್ಟೆ.

ಈಗ ಅವಳು ಸಿಕ್ಕಿಬಿದ್ದಿರುವುದು ನಿಮ್ಮ ನಲವತ್ತನೆಯ ಪುಟದಲ್ಲಿ. ಅಲ್ಲಿ ಒಂದು ಬೀಗ ಮಾಡುವ ಕಂಪನಿ ಇದೆ. ಗೆರೆ ಮೇಲೂ ಇಲ್ಲ, ಕೆಳಗೂ ಇಲ್ಲ. ನೀವು ಅದರ ಹೆಸರಿನ ಮೇಲೆ ಅಡ್ಡಗೆರೆ ಹೊಡೆದು, ‘ಗೆರಿ ನೆಟ್ಟಗ ಐತಿ. ಜೀವ ಇಲ್ಲ’ ಎಂದು ಬರೆದಿದ್ದೀರಿ. ಇಪ್ಪತ್ತು ವರ್ಷ ಇಸಿಜಿ ನೋಡಿದ ಕಣ್ಣಿಗೆ ನೆಟ್ಟಗಿನ ಗೆರೆ ಬೇರೆ ಹೇಗೆ ಕಂಡೀತು! ಆದರೆ ನಾಲ್ಕು ವಾರದ ನಂತರದ ತಾರೀಖಿನಲ್ಲಿ, ಅದರ ಕೆಳಗೇ ಇನ್ನೊಂದು ಸಾಲಿದೆ: ‘ತಪ್ಪಿದೆ. ಆಸ್ಪತ್ರಿ ಮಂಚದ ಮ್ಯಾಲೆ ಗೆರಿ ನೆಟ್ಟಗ ಇದ್ರ ಮುಗೀತು. ಇಲ್ಲಿ ಹಂಗಲ್ಲ, ಬರೇ ನಿದ್ದಿ ಹತ್ತಿ ಮಲಗಿದ್ದೂ ಹಂಗ ಕಾಣ್ತೇತಿ. ಹೆಂಗ ಗುರ್ತ ಹಿಡೀಬೇಕು ಅನ್ನೂದು ಮುಂದಿನ ಪುಟದಾಗ ಬರೀತೀನಿ.’

ಮುಂದಿನ ಪುಟ ಖಾಲಿ. ಅದರ ಮುಂದಿನವೂ ಖಾಲಿ. ಕೊನೆಯ ಹಾಳೆಯಲ್ಲಿ ಮಾತ್ರ ನಿಮ್ಮ ಯಜಮಾನರ ದಪ್ಪ ಅಕ್ಷರ: ‘ಗೆರಿ ತಾನ ಎಳಿಯೋ ಆ್ಯಪ್ ಹಾಕಿಕೊಟ್ಟೇನಿ. ಇನ್ನ ನೀಲಾಗ ಪೆನ್ಸಿಲ್ ಕೆತ್ತೂದು ತಪ್ಪಿತು.’ ಪಾಪ, ಪ್ರೀತಿಯಿಂದಲೇ ಮಾಡಿದ್ದಾರೆ. ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ನಮ್ಮ ಮನೆಯಲ್ಲಿ ಕೈಯಿಂದ ಗೆರೆ ಎಳೆಯುವುದು ನಿಂತದ್ದು ಅವತ್ತೇ.

ಬೆಳವಲಾಳ ಪಟ್ಟಿಯಲ್ಲೂ ಅಂಥದೇ ಒಂದು ಹೆಸರಿದೆ. ತೊಂಬತ್ತು ದಿನದಿಂದ ಗೆರೆ ನೆಟ್ಟಗೆ. ಅಡ್ಡಗೆರೆ ಹೊಡೆಯಲು ಅವಳಿಗೆ ಮನಸ್ಸಿಲ್ಲ. ದರ ಅಲುಗದಿದ್ದರೂ ಕೆಳಗಿನ ಪೆನ್ಸಿಲ್ ಕಂಬಗಳು ಎರಡು ವಾರದಿಂದ ಒಂದೊಂದು ಕೂದಲೆಳೆ ಎತ್ತರವಾಗುತ್ತಿವೆ ಎನ್ನುತ್ತಾಳೆ. ‘ಅವ್ವಾ, ಇದು ಉಸಿರಾಡಾಕ್ಹತ್ತೇತಿ’ ಎಂದು ನಿನ್ನೆ ನನ್ನ ಬೆರಳು ಹಿಡಿದು ಅದರ ಮೇಲೆ ಇಟ್ಟಳು. ನನಗೆ ಏನೂ ತಿಳಿಯಲಿಲ್ಲ. ಆರಿಸಿಯೇ ಗೊತ್ತಿಲ್ಲದ ತಾಯಿ ಏನು ಹೇಳಲಿ? ಹಿರಿಯರು ಮೊದಲು ಕೇಳುವುದೇ ಆ ಹೆಸರನ್ನು.

ಈ ಪತ್ರ ತಲುಪುವ ದಿನ ಆ್ಯಪ್ ಇನ್ನೂ ಬಂದಿರುವುದಿಲ್ಲ, ಆ ಪುಟ ಇನ್ನೂ ನಿಮ್ಮ ಕೈಯಳತೆಯಲ್ಲಿದೆ. ಆ್ಯಪ್ ಹಾಕಿಸಿಕೊಳ್ಳಿ, ಬೇಡ ಎನ್ನುವುದಿಲ್ಲ. ಅದಕ್ಕೆ ಮೊದಲು ಇವತ್ತು ನಾಲ್ಕಕ್ಕೆ ಒಂದು ಪುಟ ಬರೆಯಿರಿ. ಬೀಗದ ಕಂಪನಿಯ ಕಂಬಗಳೂ ಹೀಗೇ ಏರಿದ್ದವೇ? ನೀವು ಕಂಡದ್ದು ಅದೇ ಏನು? ಬೇರೆಯೇ ಆಗಿದ್ದರೂ ಸರಿ, ಬರೆಯಿರಿ. ಪೆನ್ನು ಬೇಡ, ಶಾಯಿ ಮಾಸುತ್ತದೆ. ಪೆನ್ಸಿಲಿನಲ್ಲಿ, ಒತ್ತಿ ಬರೆಯಿರಿ.

ಪತ್ರ ಇಲ್ಲಿಗೆ ನಿಲ್ಲಿಸುತ್ತೇನೆ. ನೋಟ್‌ಬುಕ್ಕನ್ನು ನಲವತ್ತೊಂದನೆಯ ಪುಟಕ್ಕೆ ತೆರೆದು ಮೇಜಿನ ಮೇಲೆ ಇಟ್ಟಿದ್ದೇನೆ. ಬೆಳವಲಾ ಪೆನ್ಸಿಲ್ ಕೆತ್ತಿಕೊಂಡು ಅದರ ಮುಂದೆ ಕೂತಿದ್ದಾಳೆ. ನೀವು ಬರೆಯದಿದ್ದರೆ ತಾನೇ ಬರೆಯುತ್ತಾಳಂತೆ.

ನಿಮ್ಮ ಮಲಪ್ರಭಾ