ನನಗೆ ಎಚ್ಚರವಿತ್ತು, ಚಿತ್ತಪ್ಪ

ಜಗಳೂರು
೧೯೪೯ನೇ ನವೆಂಬರ್ ೧೨

ಪ್ರೀತಿಯ ತಮ್ಮ ಚಿತ್ತಪ್ಪನಿಗೆ,

ನಿನ್ನ ಕೆಮ್ಮು ಹೇಗಿದೆ? ಹುಬ್ಬಳ್ಳಿಯ ರೈಲಿನ ಹೊಗೆ ಕುಡಿದು ಇನ್ನೂ ಎದೆ ಕಟ್ಟುತ್ತಿದ್ದರೆ ಕಷಾಯ ಕುದಿಸಿಕೋ, ಸೋಮಾರಿ. ನನ್ನ ಹೊಟ್ಟೆಯ ಹೊಲಿಗೆ ಮಾಗಿದೆ. ನಿನ್ನ ಹೆಂಡತಿ ಗಾದ್ರಮ್ಮನ ಹೊಟ್ಟೆನೋವು ಮಾತ್ರ ನಿಂತಿಲ್ಲ. ಅವಳಿಗೂ ಅದೇ ಆಸ್ಪತ್ರೆಯಲ್ಲಿ, ಅದೇ ಡಾಕ್ಟರ ಕೈಯಲ್ಲಿ ಆಪರೇಷನ್ ಆಗಬೇಕಂತೆ. ನೆನೆದರೆ ನನಗೆ ಅನ್ನ ಇಳಿಯುವುದಿಲ್ಲ.

ಯಾಕೆಂದರೆ ಅವತ್ತು ನನ್ನ ಹೊಟ್ಟೆ ಕೊಯ್ಯುವಾಗ ನನಗೆ ಎಚ್ಚರವಿತ್ತು. ವಿಲಾಯಿತಿಯಿಂದ ಹೊಸದಾಗಿ ಬಂದ ಮದ್ದಂತೆ, ಸೂಜಿ ಚುಚ್ಚಿದರೆ ಮೈಯೆಲ್ಲ ಸಡಿಲವಾಗಿ ಕೊಯ್ಯಲು ಸಲೀಸಂತೆ. ನನಗೆ ರೆಪ್ಪೆ ಎತ್ತಲಾಗಲಿಲ್ಲ, ಉಸಿರನ್ನೂ ಅವರೇ ಚೀಲ ಒತ್ತಿ ಕೊಡುತ್ತಿದ್ದರು. "ಕೈಕಾಲು ಅಲುಗ್ತಿಲ್ಲ, ಒಳ್ಳೆ ನಿದ್ದೆ ಹತ್ತೈತೆ. ಈಥರ್ ಕಮ್ಮಿ ಮಾಡ್ರಿ" ಎಂದು ಡಾಕ್ಟರು ನಿದ್ದೆ ಬರಿಸುವ ಮದ್ದನ್ನೇ ಕಮ್ಮಿ ಮಾಡಿಸಿದರು. ನಾಡಿ ಜೋರಾಗಿ ಓಡುತ್ತಿದೆ ಎಂದು ಯಾರೋ ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಆಮೇಲೆ ಕತ್ತಿ ಇಟ್ಟರು. ಕಣ್ಣೀರು ಕೆನ್ನೆಗಿಳಿದರೆ ನರ್ಸಮ್ಮ ಬೆವರೆಂದು ಒರೆಸಿದಳು. ಉಣ್ಣೆ ಕತ್ತರಿಸುವಾಗ ಕಾಲು ಕಟ್ಟಿದ ಕುರಿ ಸುಮ್ಮನೆ ಬಿದ್ದಿರುತ್ತದೆ. ಅದು ನಿದ್ದೆ ಮಾಡುತ್ತಿದೆ ಎಂದು ನಮ್ಮ ಹಟ್ಟಿಯಲ್ಲಿ ಯಾರಾದರೂ ಅಂದಾರೆಯೇ?

ಮರುದಿನ ಡಾಕ್ಟರಿಗೆ ಹೇಳಿದೆ. "ಕನಸು ಕಣಮ್ಮ" ಎಂದರು. ಕೊಯ್ಯುತ್ತ ಅವರಾಡಿದ ಮಾತನ್ನೇ, ಹೊನ್ನಾಳಿಯಲ್ಲಿ ಅವರ ಎಮ್ಮೆ ತಪ್ಪಿಸಿಕೊಂಡು ಹೊಳೆಯಾಚೆ ಸಿಕ್ಕಿದ ಸುದ್ದಿಯನ್ನು, ಅವರಿಗೇ ಒಪ್ಪಿಸಿದೆ. ಮುಖ ಸಣ್ಣದಾಯಿತು, ಆದರೂ ಕನಸೇ ಎಂದು ಎದ್ದು ಹೋದರು. ಪಕ್ಕದಲ್ಲಿದ್ದ ನಮ್ಮ ಅವ್ವ ನನಗೆ ಕೈಮುಗಿದುಬಿಟ್ಟಳು! "ಡಾಕ್ಟರ ಮನೆ ಎಮ್ಮೆ ಸುದ್ದಿ ನಿನಗೆ ಹೆಂಗೆ ಗೊತ್ತಾತು? ಉಚ್ಚಂಗೆಮ್ಮ ತಾಯಿ ನಿನ್ನ ಮೈಮೇಲೆ ಬಂದಿದ್ಲು" ಎಂದಳು. ಈಗ ಊರ ಹೆಂಗಸರು ಕಾಯಿ, ಕರ್ಪೂರ ಹಿಡಿದು, ಕಳೆದ ಕುರಿ ಎಲ್ಲಿದೆ ಎಂದು ನನ್ನನ್ನು ಕೇಳಲು ಬರುತ್ತಾರೆ. ಎಚ್ಚರವಿತ್ತು ಕಣ್ರೇ, ನೋವಾಯಿತು ಎಂದು ಬಡಕೊಂಡರೆ, ದೇವಿ ಮುನಿದಳೆಂದು ಅಡ್ಡಬೀಳುತ್ತಾರೆ. ಅಲ್ಲಿ ಕನಸು, ಇಲ್ಲಿ ದೇವರು. ನೋವನ್ನು ನೋವೆನ್ನುವವರು ಒಬ್ಬರೂ ಇಲ್ಲ. ನಿನ್ನೆ ಸಿಟ್ಟು ತಡೆಯದೆ ಒಬ್ಬಳ ಕಾಯಿಯನ್ನು ಬೀದಿಗೆ ಎಸೆದೆ. ಅದನ್ನೂ ಪ್ರಸಾದವೆಂದು ಹಂಚಿಕೊಂಡರು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಒಳ್ಳೆಯದಾಗಲಿ, ಹರಸುತ್ತಿರುವುದು ಅಕ್ಕ, ದೇವಿಯಲ್ಲ.

ನಿನ್ನ ಅಕ್ಕ,
ತಿಪ್ಪಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅವ್ವ, ಗಾದ್ರಮ್ಮ ಆಸ್ಪತ್ರೆಯಿಂದ ಬಂದರು. ದೇವಿಯ ವಾರವೆಂದು ಬರುವ ಶುಕ್ರವಾರಕ್ಕೇ ಆಪರೇಷನ್ ಗೊತ್ತುಮಾಡಿಸಿದ್ದಾಳೆ ಅವ್ವ. "ನಮ್ಮ ಸೊಸೆಗೂ ಅದೇ ಮದ್ದು ಹಾಕ್ರಿ, ತಾಯಿ ಬರ್ಲಿ" ಎಂದು ಡಾಕ್ಟರಿಗೆ ಕೈಮುಗಿದು ಬಂದಿದ್ದಾಳಂತೆ. ನನ್ನ ಮಾತು ನಡೆಯುವುದಿಲ್ಲ, ಗಂಡನ ಮಾತು ನಡೆದೀತು. ಕೈ ಅಲುಗದಿದ್ದರೆ ನಿದ್ದೆ ಹತ್ತಿದೆ ಎನ್ನಬೇಡಿ, ನಾಡಿ ನೋಡಿ, ಕಣ್ಣೀರು ನೋಡಿ ಎಂದು ಡಾಕ್ಟರಿಗೆ ಹೇಳಲು ನೀನೇ ಬಾ. ಉತ್ತರ ಬರೆಯುತ್ತ ಕೂರಬೇಡ, ರೈಲು ಹತ್ತು. ಗಾದ್ರಮ್ಮ ನನ್ನ ಪಕ್ಕದಲ್ಲೇ ಕೂತು, "ತಾಯಿ ಬರುವಾಗ ಹೆಂಗಿರ್ತೈತೆ ಅಕ್ಕಾ?" ಎಂದು ನಗುನಗುತ್ತ ಕೇಳುತ್ತಿದ್ದಾಳೆ.